ಆವೃತ್ತಿ ನಿಯಂತ್ರಣದ ಪಾಠದಲ್ಲಿ ಬಿಟ್ಟುಹೋದದ್ದು

2024ರ ಆರಂಭದಲ್ಲಿ ‘ಎಕ್ಸ್‌ಪ್ರೆಸ್’ ಎಂಬ ಮುಕ್ತ ತಂತ್ರಾಂಶದ ನಿರ್ವಾಹಕರಿಗೆ ಅರ್ಥವಿಲ್ಲದ ತಿದ್ದುಪಡಿಗಳು ರಾಶಿರಾಶಿಯಾಗಿ ಬಂದವು. ಪರಿಚಯ ಕಡತಕ್ಕೆ ತಮ್ಮ ಹೆಸರನ್ನೋ ಒಂದೆರಡು ಪದಗಳನ್ನೋ ಸೇರಿಸಿ ಕಳುಹಿಸಿದವರಲ್ಲಿ ಭಾರತದ ವಿದ್ಯಾರ್ಥಿಗಳು ಬಹಳ. ತಿದ್ದುಪಡಿ ಕಳುಹಿಸುವ ಕ್ರಮವನ್ನು ಒಂದು ವಿಡಿಯೊ ಪಾಠದಲ್ಲಿ ಈ ಯೋಜನೆಯ ಮೇಲೆಯೇ ತೋರಿಸಲಾಗಿತ್ತು. ನೋಡಿದವರು ಅದನ್ನೇ ಮಾಡಿದರು. 2020ರ ಅಕ್ಟೋಬರಿನ ‘ಹ್ಯಾಕ್ಟೋಬರ್‌ಫೆಸ್ಟ್’ನಲ್ಲಿಯೂ ಟೀ ಶರ್ಟಿನ ಆಸೆಗೆ ಇಂಥದೇ ಆಗಿ, ಸಂಘಟಕರು ನಡುವೆಯೇ ನಿಯಮ ಬದಲಿಸಬೇಕಾಯಿತು.

ಹುಡುಗರನ್ನು ಹಳಿದು ಪ್ರಯೋಜನವಿಲ್ಲ, ದೋಷ ಪಾಠದ್ದು. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್‌ಗಾಗಿ ರಚಿಸಿದ ‘ಗಿಟ್’ ತಂತ್ರಾಂಶವನ್ನು ನಾವು ಆಜ್ಞೆಗಳ ಪಟ್ಟಿಯಾಗಿ ಕಲಿಸುತ್ತೇವೆ: ಆ್ಯಡ್, ಕಮಿಟ್, ಪುಶ್. ಏನನ್ನು ಅಳೆಯುತ್ತಿದ್ದೇವೆಂದು ಹೇಳದೆ ವೋಲ್ಟ್‌ಮೀಟರಿನ ತಂತಿ ಜೋಡಿಸಲು ಕಲಿಸಿದ ಹಾಗೆ. ಹೆಸರು ಸೇರಿಸುವ ಅಭ್ಯಾಸದಿಂದ ಹೊಸಬರ ಅಂಜಿಕೆ ಕಳೆಯುತ್ತದೆ, ನಿಜ. ಆದರೆ ಅಲ್ಲಿ ‘ಏಕೆ ಬದಲಿಸಿದೆ?’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ.

ಬದಲಿಗೆ ಹೀಗೆ ಮಾಡಿ ನೋಡಬಹುದು. ಒಂದು ಕಡತದಲ್ಲಿ ನಾಲ್ಕು ಸಾಲು: ಗಾದಿಗನೂರು, ಹಂಪಿ, ಸಂಡೂರು, ಕಂಪ್ಲಿ, ಎಲ್ಲದರ ಮುಂದೆಯೂ ‘ಬಳ್ಳಾರಿ ಜಿಲ್ಲೆ’. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಯಿತು, ಕಡತ ತಿದ್ದಿರಿ ಎನ್ನೋಣ. ಆತುರದ ವಿದ್ಯಾರ್ಥಿ ನಾಲ್ಕನ್ನೂ ಬದಲಿಸುತ್ತಾನೆ. ಹೊಸಪೇಟೆ ತಾಲ್ಲೂಕು ಹೊಸ ಜಿಲ್ಲೆಗೆ ಹೋಯಿತು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಹಳೆಯ ಮತ್ತು ಹೊಸ ಸಾಲುಗಳನ್ನು ಜೊತೆಗಿಟ್ಟು ತೋರಿಸುವ ‘ಡಿಫ್’ ಅನ್ನು ಸಹಪಾಠಿಯೊಬ್ಬಳು ಓದಿದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಕಮಿಟ್ ಟಿಪ್ಪಣಿಯಲ್ಲಿ ‘ತಿದ್ದಿದೆ’ ಎಂದಷ್ಟೇ ಬರೆದರೆ ಸಾಲದು. ‘2021ರ ವಿಭಜನೆಯಂತೆ ಹೊಸಪೇಟೆ ತಾಲ್ಲೂಕಿನ ಎರಡು ಊರುಗಳನ್ನು ಮಾತ್ರ ಬದಲಿಸಿದೆ’ ಎಂದಿರಬೇಕು. ಹಳೆಯ ಸಾಲು ಅಳಿದುಹೋಗುವುದಿಲ್ಲ. 2020ರ ಮಟ್ಟಿಗೆ ಅದು ಸರಿಯೇ ಆಗಿತ್ತಲ್ಲ! ಪ್ರಯೋಗದ ದಾಖಲೆ ಪುಸ್ತಕದಲ್ಲಿ ತಪ್ಪಿದ ಅಳತೆಯನ್ನು ರಬ್ಬರಿನಿಂದ ಉಜ್ಜಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ ಎಂದು ನಾವು ಹೇಳುವುದೂ ಇದನ್ನೇ. (ಅಚ್ಚುಕಟ್ಟಿನ ದಾಖಲೆಗೇ ಹೆಚ್ಚು ಅಂಕ ಕೊಟ್ಟು ಆ ಮಾತನ್ನು ನಾವೇ ಕೆಡಿಸುತ್ತೇವೆ.)

ನಂತರ ಇಬ್ಬರು ಒಂದೇ ಸಾಲನ್ನು ಬೇರೆಬೇರೆಯಾಗಿ ತಿದ್ದಲಿ. ಎರಡನ್ನೂ ಕೂಡಿಸುವಾಗ ಗಿಟ್ ನಿಂತುಬಿಡುತ್ತದೆ, ಏಕೆಂದರೆ ಯಾವುದು ಸರಿ ಎಂದು ಅದಕ್ಕೆ ಗೊತ್ತಿಲ್ಲ. ಇಬ್ಬರೂ ಕುಳಿತು ಮಾತಾಡಲೇಬೇಕು. ಇದಕ್ಕೆಲ್ಲ ಅಂತರ್ಜಾಲ ಸಂಪರ್ಕವೂ ಬೇಡ; ಗಿಟ್ ಸ್ಥಾಪಿಸಿದ ಒಂದು ಗಣಕದಲ್ಲೇ ಎರಡು ‘ಬ್ರಾಂಚ್’ ಮಾಡಿ ನಡೆಸಬಹುದು. ಅಪರಿಚಿತರ ಯೋಜನೆಗೆ ಏನನ್ನಾದರೂ ಕಳುಹಿಸುವುದು ಇಷ್ಟಾದ ಮೇಲಿನ ಮಾತು.