ಬಟ್ಟಲಿನ ಬೆಲೆ: ಯೆರವಡಾದ ವಸ್ತುಗಳೂ ಹರಾಜಿನ ಪಟ್ಟಿಯೂ

ಪುರಾತನ ಪೀಠೋಪಕರಣಗಳನ್ನೂ ಬೆಳ್ಳಿಯ ಪಾತ್ರೆಗಳನ್ನೂ ಹರಾಜಿಗಿಡುವ ಸಂಸ್ಥೆಗಳು ಮುಂಚಿತವಾಗಿ ಒಂದು ವಿವರಪಟ್ಟಿಯನ್ನು ಪ್ರಕಟಿಸುವುದು ವಾಡಿಕೆ. ಬೀಟೆಮರದ ಕುರ್ಚಿ, ತೇಗದ ಪೆಟ್ಟಿಗೆ, ಬೆಳ್ಳಿಯ ಚಹಾಪಾತ್ರೆ ಮೊದಲಾದುವು ಒಂದೊಂದು ಸಂಖ್ಯೆಯ ಕೆಳಗೆ ನಾಲ್ಕಾರು ಪಂಕ್ತಿಗಳಲ್ಲಿ ಅಲ್ಲಿ ವರ್ಣಿತವಾಗಿರುತ್ತವೆ. ಇವುಗಳನ್ನು ಬರಿಯ ವ್ಯಾಪಾರದ ಕಾಗದಗಳೆಂದು ವಿದ್ವಾಂಸರು ಬದಿಗೊತ್ತುವುದುಂಟು. ಆದರೆ ಇವೂ ಒಂದು ಬಗೆಯ ಬರವಣಿಗೆಯೇ ಸರಿ. ವಸ್ತುವೊಂದರ ಯಾವ ಗುಣವನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ಇಲ್ಲಿಯೂ ನಡೆಯುತ್ತದೆ. ಆಯ್ಕೆಯಿರುವಲ್ಲಿ ವಿಮರ್ಶೆಗೂ ಅವಕಾಶವಿದೆ. ಪುಣೆಯ ಯೆರವಡಾದೊಡನೆ ಸಂಬಂಧವುಳ್ಳ ಕೆಲವು ವಸ್ತುಗಳು ಈಚಿನ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಹರಾಜಿಗೆ ಬಂದಿರುವುದರಿಂದ, ಈ ವಿಚಾರವನ್ನು ಅವುಗಳ ಆಧಾರದ ಮೇಲೆ ಪರಿಶೀಲಿಸುವುದು ಉಚಿತವಾದೀತು.

ಮೊದಲನೆಯದು ಚರಕ. ಗಾಂಧೀಜಿ ಯೆರವಡಾ ಸೆರೆಮನೆಯಲ್ಲಿದ್ದಾಗ, ಮಡಿಚಿ ಪೆಟ್ಟಿಗೆಯಂತೆ ಒಯ್ಯಬಹುದಾದ ಚರಕವನ್ನು ರೂಪಿಸುವುದರಲ್ಲಿ ಆಸಕ್ತರಾಗಿದ್ದರು; ಅದು ‘ಯೆರವಡಾ ಚಕ್ರ’ವೆಂದೇ ಹೆಸರಾಯಿತು. ಅಲ್ಲಿ ತಾವು ಬಳಸಿದ ಒಂದು ಚರಕವನ್ನು ಅವರು 1935ರಲ್ಲಿ ಅಮೆರಿಕದ ಪಾದ್ರಿ ಫ್ಲಾಯ್ಡ್ ಪಫರ್ ಅವರಿಗೆ ಕೊಟ್ಟರು. 2013ರ ನವೆಂಬರಿನಲ್ಲಿ ಮಲಕ್ಸ್ ಸಂಸ್ಥೆ ನಡೆಸಿದ ಹರಾಜಿನಲ್ಲಿ ಅದಕ್ಕೆ 1,10,000 ಪೌಂಡು ಬಂದಿತು. ಎರಡನೆಯದು 2021ರ ಜನವರಿಯಲ್ಲಿ ಬ್ರಿಸ್ಟಲ್ ನಗರದ ಸಂಸ್ಥೆಯೊಂದು ಹರಾಜಿಗಿಟ್ಟ ಊಟದ ಸಾಮಗ್ರಿ: ಲೋಹದ ಒಂದು ಬಟ್ಟಲು, ಮರದ ಎರಡು ಚಮಚ, ಮರದ ಒಂದು ಫೋರ್ಕು. 1942ರಿಂದ 1944ರವರೆಗೆ ಯೆರವಡಾದ ಆಗಾ ಖಾನ್ ಅರಮನೆಯಲ್ಲಿ ಬಂಧಿತರಾಗಿದ್ದಾಗ ಗಾಂಧೀಜಿ ಇವುಗಳನ್ನು ಬಳಸಿದರೆಂದೂ, ಇವು ಹಡಗು ಉದ್ಯಮದ ಸುಮತಿ ಮೊರಾರ್ಜಿಯವರ ಸಂಗ್ರಹದಿಂದ ಬಂದುವೆಂದೂ ಪಟ್ಟಿಯ ಹೇಳಿಕೆ. ಆರಂಭದ ಸವಾಲು 55,000 ಪೌಂಡು.

ಈ ಮೊತ್ತ ಯಾವ ಲೆಕ್ಕದಿಂದ ಹುಟ್ಟಿತು? ಬೆಳ್ಳಿಯ ಸಾಮಾನಿಗೆ ಲೆಕ್ಕವುಂಟು. ಇಂಗ್ಲೆಂಡಿನ ಉತ್ತಮ ಬೆಳ್ಳಿಯ ಸಾವಿರ ಪಾಲಿನಲ್ಲಿ 925 ಪಾಲು ಶುದ್ಧವಾಗಿರಬೇಕು. ಸಿಂಹದ ಮುದ್ರೆ ಅದಕ್ಕೆ ಸಾಕ್ಷಿ. ತೂಕ, ಶುದ್ಧಿ, ಕುಸುರಿ, ವಯಸ್ಸು, ಒಡೆತನದ ಇತಿಹಾಸ ಎಂಬ ಐದು ಮೆಟ್ಟಲುಗಳಲ್ಲಿ ಬೆಲೆ ಏರುತ್ತದೆ. ಒಡವೆಯನ್ನು ಅಡವಿಟ್ಟುಕೊಳ್ಳುವ ಬ್ಯಾಂಕು ಮೊದಲ ಎರಡು ಮೆಟ್ಟಲುಗಳಲ್ಲಿಯೇ ನಿಲ್ಲುತ್ತದೆ. ಕಲ್ಲು, ಅರಗುಗಳ ತೂಕವನ್ನು ಕಳೆದು, ಒರೆಗಲ್ಲಿಗೆ ತೀಡಿ, ಲೋಹಕ್ಕೆ ಸಲ್ಲುವಷ್ಟನ್ನೇ ಅದು ಒಪ್ಪುತ್ತದೆ. ಅಜ್ಜಿಯ ಕಾಲದ ಅಡ್ಡಿಕೆಯೂ ನಿನ್ನೆ ಮಾಡಿಸಿದ ಸರವೂ ಅದರ ತಕ್ಕಡಿಯಲ್ಲಿ ಒಂದೇ.

ತಕ್ಕಡಿಯೊಂದನ್ನೇ ನಂಬಿದರೆ ಆಗುವ ಅನಾಹುತಕ್ಕೆ ಕನ್ನಡನಾಡಿನಲ್ಲಿಯೇ ನಿದರ್ಶನವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಕೊಳ್ಳೆಯನ್ನು ಸೈನ್ಯಕ್ಕೆ ಹಂಚುವ ಅಧಿಕಾರಿಗಳು ಟಿಪ್ಪುವಿನ ಸಿಂಹಾಸನದ ಚಿನ್ನದ ಹೊದಿಕೆಯನ್ನು ತುಂಡು ತುಂಡಾಗಿ ಕತ್ತರಿಸಿದರು. ಅಂದು ಚದರಿಹೋದ ಹುಲಿಯ ತಲೆಗಳಲ್ಲಿ ಒಂದು 2009ರಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ 3,89,600 ಪೌಂಡಿಗೆ ಮಾರಾಟವಾಯಿತು. ಲೋಹವನ್ನಷ್ಟೇ ಎಣಿಸಿದವರು ಒಂದು ಅಪೂರ್ವ ಪೀಠವನ್ನು ನಾಶಮಾಡಿದರು. ಕುಸುರಿಯನ್ನೂ ಇತಿಹಾಸವನ್ನೂ ಎಣಿಸಿದ ಪಟ್ಟಿಕಾರರು ಉಳಿದ ಚೂರುಗಳಿಗೆ ಗೌರವ ತಂದರು. ಹರಾಜಿನ ಪಟ್ಟಿ ಎಷ್ಟೋ ವಸ್ತುಗಳನ್ನು ಕುಲುಮೆಯ ಬಾಯಿಂದ ಪಾರುಮಾಡಿದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಯೆರವಡಾದ ಬಟ್ಟಲಿಗೆ ಮೊದಲ ನಾಲ್ಕು ಮೆಟ್ಟಲುಗಳೂ ಇಲ್ಲ. ಅದು ಸಾದಾ ಲೋಹದ್ದು. ಕುಸುರಿಯಿಲ್ಲ, ಹೇಳಿಕೊಳ್ಳುವ ವಯಸ್ಸಿಲ್ಲ. ಭಾರತದ 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ಇಂಥ ವಸ್ತು ಪುರಾತನವೆನಿಸಲು ನೂರು ವರ್ಷ ತುಂಬಿರಬೇಕು. 1942ರಲ್ಲಿ ತಯಾರಾದ ಪಾತ್ರೆಯೊಂದಕ್ಕೆ ಆ ಯೋಗ್ಯತೆ ಬರುವುದು 2042ರಲ್ಲಿ. ವಯಸ್ಸನ್ನು ಎಣಿಸುವ ಕಾನೂನೂ ತೂಕವನ್ನು ಎಣಿಸುವ ತಕ್ಕಡಿಯೂ ಈ ಬಟ್ಟಲಿನ ಮುಂದೆ ಸಮಾನವಾಗಿ ಮೂಕವಾಗುತ್ತವೆ. ಉಳಿದುದು ಐದನೆಯ ಮೆಟ್ಟಲು ಒಂದೇ: ಯಾರ ಕೈಯಲ್ಲಿತ್ತು, ಯಾರಿಂದ ಯಾರಿಗೆ ಬಂದಿತು ಎಂಬ ಕಥನ.

ಆ ಕಥನವನ್ನು ಪರೀಕ್ಷಿಸುವ ಕ್ರಮ ಗ್ರಂಥಸಂಪಾದಕರಿಗೆ ಅಪರಿಚಿತವಲ್ಲ. ಓಲೆಗರಿಯ ಪ್ರತಿಯೊಂದು ಕೈಗೆ ಬಂದಾಗ, ಅದು ಯಾವ ಮನೆಯದು, ಯಾವ ಪ್ರತಿಯನ್ನು ನೋಡಿ ಬರೆದುದು ಎಂದು ಅವರು ಕೇಳುತ್ತಾರೆ. ನಡುವಿನ ಒಂದು ಕೊಂಡಿ ಕಳಚಿದರೆ ಅದರ ಪ್ರಾಮಾಣ್ಯ ಅಷ್ಟರಮಟ್ಟಿಗೆ ಕುಂದುತ್ತದೆ. ಬಟ್ಟಲಿನ ತಳದಲ್ಲಿ 208/42 ಎಂಬ ಅಂಕಗಳು ಒತ್ತಲ್ಪಟ್ಟಿವೆ. 42 ಎಂಬುದನ್ನು ಕಂಡೊಡನೆ 1942 ಎಂದು ಓದುವ ಆಸೆ ಯಾರಿಗಾದರೂ ಹುಟ್ಟಬಹುದು. ಆದರೆ ಶಾಸನದಲ್ಲಿ ಅಳಿಸಿದ ಅಕ್ಷರಗಳನ್ನು ಮನಸ್ಸಿಗೆ ಬಂದಂತೆ ತುಂಬಿಕೊಳ್ಳಬಾರದೆಂಬ ನಿಯಮ ಇಲ್ಲಿಗೂ ಅನ್ವಯಿಸುತ್ತದೆ. ಬೇರೆ ಆಧಾರವಿಲ್ಲದೆ ಅಂಕ ಅಂಕವೇ. ಅದು ಸಾಕ್ಷಿ ನುಡಿಯಲಾರದು.

ಕಥನ ನಿಜವೆಂದೇ ಒಪ್ಪಿದರೂ ಒಂದು ಕೊರತೆ ಉಳಿಯುತ್ತದೆ. ನಮ್ಮ ದಾನಶಾಸನಗಳೂ ವಸ್ತುಗಳ ಪಟ್ಟಿಗಳೇ. ಅವುಗಳಲ್ಲಿ ದಾನಿಯ ಹೆಸರು, ಕೊಟ್ಟ ವಸ್ತು ಮತ್ತು ಅದರ ಪ್ರಮಾಣ ಇರುತ್ತವೆ. ಇವು ಹರಾಜಿನ ಪಟ್ಟಿಯಲ್ಲಿಯೂ ಉಂಟು. ಆದರೆ ಶಾಸನವು ಅಲ್ಲಿಗೆ ನಿಲ್ಲದೆ ವಿನಿಯೋಗವನ್ನೂ ಹೇಳುತ್ತದೆ. ಇಷ್ಟು ನಂದಾದೀಪಕ್ಕೆ, ಇಷ್ಟು ನೈವೇದ್ಯಕ್ಕೆ, ಇಷ್ಟು ಆಹಾರದಾನಕ್ಕೆ ಎಂದು ವಿಂಗಡಿಸಿ, ತಪ್ಪಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪವನ್ನು ತಗಲಿಸಿ ಮುಗಿಯುತ್ತದೆ. ಹರಾಜಿನ ಪಟ್ಟಿಯಲ್ಲಿ ವಿನಿಯೋಗದ ಸ್ಥಾನ ಬರಿದು. ವಸ್ತು ಏತಕ್ಕಾಗಿ ಹಾಗಿತ್ತು, ಮುಂದೆ ಏತಕ್ಕೆ ಸಲ್ಲಬೇಕು ಎಂಬ ಎರಡು ಪ್ರಶ್ನೆಗಳನ್ನೂ ಅದು ಎತ್ತುವುದಿಲ್ಲ.

ಗಾಂಧೀಜಿಯ ವಸ್ತುಗಳ ವಿಷಯದಲ್ಲಿ ಈ ಮೌನ ಸಣ್ಣ ದೋಷವಲ್ಲ. ಪಟ್ಟಿಯಲ್ಲಿ ‘ಅರಮನೆ’ ಎಂಬ ಮಾತು ಬಟ್ಟಲಿಗೆ ಒಂದು ಹೊಳಪನ್ನು ಕೊಡುತ್ತದೆ. ಆ ಅರಮನೆಯನ್ನು 1892ರಲ್ಲಿ ಮೂರನೆಯ ಆಗಾ ಖಾನರು ಕಟ್ಟಿಸಿದುದು ಕ್ಷಾಮಪೀಡಿತರಿಗೆ ಕೂಲಿ ಒದಗಿಸುವುದಕ್ಕಾಗಿ ಎಂಬುದು ಪ್ರಸಿದ್ಧ. ಗಾಂಧೀಜಿಗಾದರೋ ಅಲ್ಲಿಯ ವಾಸ ರುಚಿಸಲಿಲ್ಲ. ಇಷ್ಟು ದೊಡ್ಡ ಕಟ್ಟಡದಲ್ಲಿ ಇಷ್ಟು ಕಾವಲಿಟ್ಟು ತಮ್ಮನ್ನು ಇರಿಸುವುದು ಜನರ ಹಣದ ದುಂದು, ಯಾವ ಸೆರೆಮನೆಯಾದರೂ ತಮಗೆ ಸಾಕು ಎಂದು ಅವರು 1944ರ ಮಾರ್ಚಿನಲ್ಲಿ ಸರಕಾರಕ್ಕೆ ಬರೆದರು. ಸಾದಾ ಬಟ್ಟಲೂ ಮರದ ಚಮಚವೂ ಇದೇ ವಾದದ ಭಾಗಗಳು. ಅವುಗಳನ್ನು ಅರಮನೆಯ ಹೆಸರಿನಿಂದ ಅಲಂಕರಿಸುವುದೆಂದರೆ, ಕವಿ ವ್ಯಂಗ್ಯವಾಗಿ ನುಡಿದುದನ್ನು ಸ್ತುತಿಯೆಂದು ಓದಿದಂತೆ.

ಗಾಂಧೀಜಿ ಹರಾಜಿನ ವಿರೋಧಿಗಳಾಗಿದ್ದರೆಂದು ಇದರಿಂದ ತಿಳಿಯಬಾರದು. 1933–34ರ ಹರಿಜನ ಪ್ರವಾಸದಲ್ಲಿ ಊರೂರಿನವರು ಬಿನ್ನವತ್ತಳೆಗಳನ್ನು ಬೆಳ್ಳಿಯ ಕರಂಡಕಗಳಲ್ಲಿಟ್ಟು ಅರ್ಪಿಸಿದರೆ, ಅವರು ಸಭೆಯಲ್ಲಿಯೇ ಅವನ್ನು ಸವಾಲಿಗೆ ಹಾಕಿ ಹಣವನ್ನು ನಿಧಿಗೆ ಸೇರಿಸುತ್ತಿದ್ದರು. 1934ರಲ್ಲಿ ಅವರು ಕೊಡಗಿಗೆ ಬಂದಾಗ ಕಥೆಗಾರ್ತಿ ಗೌರಮ್ಮನವರು ತಮ್ಮ ಒಡವೆಗಳನ್ನು ಆ ನಿಧಿಗೇ ಒಪ್ಪಿಸಿದರು. ಅದಕ್ಕೂ ಹಿಂದೆ, 1901ರಲ್ಲಿ, ದಕ್ಷಿಣ ಆಫ್ರಿಕದಿಂದ ಹೊರಡುವಾಗ ಬಂದ ಚಿನ್ನ ಬೆಳ್ಳಿ ವಜ್ರಗಳ ಕಾಣಿಕೆಗಳನ್ನು ಅವರು ದತ್ತಿಪತ್ರ ಮಾಡಿಸಿ ಬ್ಯಾಂಕಿನಲ್ಲಿರಿಸಿದರು. ಕಸ್ತೂರಬಾ ಅವರಿಗೆಂದು ಬಂದಿದ್ದ ಐವತ್ತು ಗಿನಿಯ ಕಂಠಹಾರವೂ ಅದರಲ್ಲಿ ಸೇರಿತ್ತು. ಆಕೆ ಮನಸಾರೆ ಒಪ್ಪಿರಲಿಲ್ಲವೆಂಬುದನ್ನು ಆತ್ಮಕಥೆ ಮುಚ್ಚಿಡುವುದಿಲ್ಲ. ಈ ಮೂರು ಪ್ರಸಂಗಗಳಲ್ಲಿಯೂ ಬೆಲೆಬಾಳುವ ವಸ್ತು ಕೈಬಿಟ್ಟು ಹೋಗುತ್ತದೆ. ವಿನಿಯೋಗ ಮೊದಲೇ ಗೊತ್ತಾಗಿರುತ್ತದೆ.

2009ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಹರಾಜು ಈ ದೃಷ್ಟಿಯಿಂದ ಗಮನಾರ್ಹ. ಗಾಂಧೀಜಿಯ ಕನ್ನಡಕ, ಚಪ್ಪಲಿ, ಗಡಿಯಾರ, ತಟ್ಟೆ ಮತ್ತು ಬಟ್ಟಲು ಅಲ್ಲಿ ಒಟ್ಟಾಗಿ ಬಂದುವು. ಮಾರಾಟ ನಿಲ್ಲಿಸಬೇಕೆಂಬ ದೆಹಲಿ ಉಚ್ಚ ನ್ಯಾಯಾಲಯದ ಆಜ್ಞೆ ಅಲ್ಲಿಗೆ ತಟ್ಟಲಿಲ್ಲ. ಒಡೆಯನಾಗಿದ್ದ ಜೇಮ್ಸ್ ಓಟಿಸ್, ಭಾರತ ಸರಕಾರ ಬಡವರ ಆರೋಗ್ಯಕ್ಕೆ ಹೆಚ್ಚು ವೆಚ್ಚ ಮಾಡುವುದಾದರೆ ವಸ್ತುಗಳನ್ನು ಒಪ್ಪಿಸುವೆನೆಂದು ಸೂಚಿಸಿದ. ಸರಕಾರ ಆ ಷರತ್ತಿಗೆ ಒಪ್ಪಲಿಲ್ಲ. ಕೊನೆಗೆ ಬೆಂಗಳೂರಿನ ಮದ್ಯದ ಉದ್ಯಮಿ ವಿಜಯ ಮಲ್ಯ 18 ಲಕ್ಷ ಡಾಲರಿಗೆ ಕೊಂಡರು. ಪಾನನಿರೋಧದ ಪ್ರತಿಪಾದಕನ ಬಟ್ಟಲು ಮದ್ಯದ ಹಣದಿಂದ ಬಿಡುಗಡೆಯಾದುದನ್ನು ಕಂಡು ಹಲವರು ನಕ್ಕರು. ನಗುವಿನ ನಡುವೆ ಓಟಿಸ್ ಎತ್ತಿದ್ದ ವಿನಿಯೋಗದ ಪ್ರಶ್ನೆ ಮರೆತುಹೋಯಿತು. ಪರದೇಶದ ಸಾರ್ವಭೌಮ ಸರಕಾರಕ್ಕೆ ಷರತ್ತು ಹಾಕಿದುದು ಅನುಚಿತವಿರಬಹುದು. ಆ ಪಟ್ಟಿಯ ಬರಿದಾದ ಸ್ಥಾನವನ್ನು ತುಂಬಲು ಯತ್ನಿಸಿದವನು ಅವನೊಬ್ಬನೇ ಎಂಬುದನ್ನು ಮಾತ್ರ ಒಪ್ಪಬೇಕು.

ಇಂಥ ವಸ್ತುಗಳು ಸ್ವದೇಶಕ್ಕೆ ಮರಳಬೇಕೆಂಬ ಕೂಗು ಪ್ರತಿಯೊಂದು ಹರಾಜಿನಲ್ಲಿಯೂ ಏಳುತ್ತದೆ. ಅದು ಸಹಜ. ಆದರೆ ಕೂಗು ಏರಿದಷ್ಟೂ ಸವಾಲೂ ಏರುತ್ತದೆ. ಭಕ್ತಿಯೇ ಬೆಲೆಯ ಏಣಿಯಾಗುತ್ತದೆ. ತರುವ ಮೊದಲು, ತಂದ ಮೇಲೆ ಅದರಿಂದ ಏನಾಗಬೇಕೆಂದು ನಿಶ್ಚಯಿಸಿಕೊಳ್ಳದಿದ್ದರೆ, ವಸ್ತು ಒಂದು ಕಪಾಟಿನಿಂದ ಇನ್ನೊಂದಕ್ಕೆ ಹೋಗುವುದೇ ಫಲ.

ಆಗಾ ಖಾನ್ ಅರಮನೆ 1969ರಲ್ಲಿ ರಾಷ್ಟ್ರಕ್ಕೆ ದಾನವಾಗಿ ಬಂದಿತು. ಅದರ ಆವರಣದಲ್ಲಿ 1942ರ ಆಗಸ್ಟ್ 15ರಂದು ತೀರಿಕೊಂಡ ಮಹಾದೇವ ದೇಸಾಯಿಯವರ ಸಮಾಧಿಯೂ 1944ರ ಫೆಬ್ರುವರಿ 22ರಂದು ತೀರಿಕೊಂಡ ಕಸ್ತೂರಬಾ ಅವರ ಸಮಾಧಿಯೂ ಇವೆ. ಗಾಂಧೀಜಿ ನೂತ ನೂಲಿನ ಸೀರೆಯುಡಿಸಿ ಕಸ್ತೂರಬಾ ಅವರನ್ನು ಚಿತೆಗೇರಿಸಲಾಯಿತು. ಬೂದಿಯಲ್ಲಿ ಐದು ಗಾಜಿನ ಬಳೆಗಳು ಒಡೆಯದೆ ದೊರೆತುವೆಂದು ಜೊತೆಗಿದ್ದವರು ದಾಖಲಿಸಿದ್ದಾರೆ. ಐವತ್ತು ಗಿನಿಯ ಹಾರವನ್ನು ಬಿಟ್ಟುಕೊಟ್ಟ ಕೈಯಲ್ಲಿ ಕಡೆಗೆ ಉಳಿದುದು ಆ ಬಳೆಗಳು. ಯೆರವಡಾದ ವಸ್ತುಗಳಿಗೆ ಬೆಲೆ ಕಟ್ಟಲು ಹೊರಟವರು ಮೊದಲು ಓದಿಕೊಳ್ಳಬೇಕಾದ ಲೆಕ್ಕ ಇದು.