ಆಸ್ತಿಕನ ಕೈಯಲ್ಲಿ ನಾಸ್ತಿಕನ ಕೃತಿ: ಮೂರ್ತಿರಾಯರ ‘ದೇವರು’

ಮಠದ ಮಾಸಪತ್ರಿಕೆಯಲ್ಲಿ ದೇವರಿಲ್ಲವೆಂದು ವಾದಿಸುವ ಗ್ರಂಥವೊಂದರ ವಿಮರ್ಶೆಗೆ ಏನು ಕೆಲಸವೆಂದು ಸದ್ಭಕ್ತರಾದ ವಾಚಕರಲ್ಲಿ ಕೆಲವರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಹೇಳದೆ ಗ್ರಂಥದ ಗುಣಾವಗುಣಗಳ ವಿಚಾರಕ್ಕೆ ಕೈಹಾಕುವುದು ಉಚಿತವಲ್ಲ.

ಕೆಲವು ವರ್ಷಗಳ ಹಿಂದೆ, ಆಷಾಢದ ಜಡಿಮಳೆಯಲ್ಲಿ, ಆಲೂರು ಕಡೆಯ ಹಳ್ಳಿಯೊಂದರಲ್ಲಿ ಹಿರಿಯರೊಬ್ಬರು ಲಿಂಗೈಕ್ಯರಾದರು. ಅವರ ಮಗ ಮಠದ ಪ್ರಸಾದನಿಲಯದಲ್ಲಿ ನನ್ನೊಡನೆ ಉಂಡು ಓದಿದವನು. ಬೆಂಗಳೂರಿಗೆ ಹೋದ ಮೇಲೆ ಲಿಂಗಧಾರಣೆಯನ್ನು ಬಿಟ್ಟು, ತಾನು ನಾಸ್ತಿಕನೆಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡವನು. ಆ ದಿನದಿಂದ ತಂದೆ ಮಕ್ಕಳು ತೋಟದ ವಿಷಯ, ಮಳೆಯ ವಿಷಯ, ಮೆಣಸಿನ ಧಾರಣೆಯ ವಿಷಯ ಆಡುತ್ತಿದ್ದರೇ ಹೊರತು ಈ ಒಂದು ವಿಷಯವನ್ನು ಎತ್ತುತ್ತಿರಲಿಲ್ಲ. ಕ್ರಿಯಾಸಮಾಧಿಯ ಹೊತ್ತಿಗೆ, ಲಿಂಗವಿಲ್ಲದವನು ತಂದೆಯ ಕರಸ್ಥಲದಲ್ಲಿ ಲಿಂಗವನ್ನಿಡಬಹುದೇ ಎಂದು ನೆಂಟರಲ್ಲಿ ತಕರಾರೆದ್ದಿತು. ಕ್ರಿಯೆ ನಡೆಸಲು ಬಂದಿದ್ದ ಅಯ್ಯನವರು, “ಮಗನಲ್ಲವೇ, ಇಡಲಿ” ಎಂದಷ್ಟೇ ಹೇಳಿದರು. ಆತ ಇಟ್ಟ. ಮೂರನೆಯ ದಿನ ನೆಂಟರೊಬ್ಬರು ಅವನನ್ನು ಕಪಟಿಯೆಂದರು. ಬೆಂಗಳೂರಿಗೆ ಹಿಂದಿರುಗಿದಾಗ ಅವನ ವಿಚಾರವಾದಿ ಸ್ನೇಹಿತರೂ ಅದೇ ಮಾತನ್ನು ಹೇಳಿದರಂತೆ. ಎರಡು ಕಡೆಯವರೂ ಒಂದೇ ಶಬ್ದದಿಂದ ಒಬ್ಬನನ್ನೇ ನಿಂದಿಸಿದ್ದು ನನ್ನನ್ನು ಚಿಂತೆಗೆ ಹಚ್ಚಿತು. ಆ ಮನೆಯ ಜಗಲಿಯಲ್ಲಿ ಹಿಂದೊಮ್ಮೆ ಕಂಡಿದ್ದ ಪುಸ್ತಕವನ್ನು ಆಗ ಮತ್ತೆ ತೆರೆದೆನು. ಅದು ಎ. ಎನ್. ಮೂರ್ತಿರಾಯರ ‘ದೇವರು’.

ಮೂರ್ತಿರಾಯರು ನಮಗೆ ತೀರ ಹೊರಗಿನವರೇನಲ್ಲ. ಸಕಲೇಶ್ವರನ ಗುಡಿಯ ಬದಿಯಲ್ಲಿ ಹರಿದು, ಆಲೂರು ಸೀಮೆಯನ್ನು ತೊಯಿಸಿ, ಗೊರೂರಿನ ಅಣೆಕಟ್ಟನ್ನು ದಾಟಿ ಹೋಗುವ ಹೇಮಾವತಿಯೇ ಮುಂದೆ ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಪಕ್ಕದಲ್ಲಿ ಹರಿಯುತ್ತಾಳೆ. ಅದು ಅವರ ಊರು. 1900ರಲ್ಲಿ ಹುಟ್ಟಿ 2003ರವರೆಗೆ, ನೂರಮೂರು ವರ್ಷ ಬಾಳಿದ ಹಿರಿಯರು. ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರು. ‘ಹಗಲುಗನಸುಗಳು’ ಮೊದಲಾದ ಲಲಿತ ಪ್ರಬಂಧಗಳಿಂದ ಕನ್ನಡ ಗದ್ಯಕ್ಕೆ ನಯವನ್ನು ತಂದವರು. 1984ರಲ್ಲಿ ಕೈವಾರದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಸಾಕ್ರಟೀಸನ ಕೊನೆಯ ದಿನಗಳನ್ನು ಕನ್ನಡಿಗರಿಗೆ ಪರಿಚಯಿಸಿದವರೂ ಅವರೇ. ‘ದೇವರು’ ಪ್ರಕಟವಾದದ್ದು 1991ರಲ್ಲಿ, ಅವರಿಗೆ ತೊಂಬತ್ತು ದಾಟಿದ ಮೇಲೆ. ಮರುವರ್ಷ ಅದಕ್ಕೆ ಪಂಪ ಪ್ರಶಸ್ತಿ ಸಂದಿತು. ಅದೇ ಪ್ರಶಸ್ತಿ 1990ರಲ್ಲಿ ಸಂ. ಶಿ. ಭೂಸನೂರಮಠರ ‘ಶೂನ್ಯಸಂಪಾದನೆಯ ಪರಾಮರ್ಶೆ’ಗೆ ಸಂದಿತ್ತೆಂಬುದನ್ನು ವಾಚಕರು ನೆನೆಯಬೇಕು. ಅನುಭಾವದ ವ್ಯಾಖ್ಯಾನಕ್ಕೂ ದೇವರ ನಿರಾಕರಣೆಗೂ ಎರಡು ವರ್ಷಗಳ ಅಂತರದಲ್ಲಿ ಒಂದೇ ಮನ್ನಣೆ ದೊರೆಯಿತು. ಕನ್ನಡದ ಮನಸ್ಸಿನ ವೈಶಾಲ್ಯಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ತಾರುಣ್ಯದ ಹುರುಪಿನಲ್ಲಿ ದೇವರನ್ನು ಅಲ್ಲಗಳೆಯುವವರು ಬಹುಮಂದಿ. ಸಾವು ಸಮೀಪದಲ್ಲಿರುವ ವಯಸ್ಸಿನಲ್ಲಿ, ಆಸರೆ ಬೇಕೆನ್ನಿಸುವ ಕಾಲದಲ್ಲಿ, ಆಸರೆಯನ್ನು ಬೇಡವೆಂದು ಹೇಳುವುದಕ್ಕೆ ಬೇರೆ ಬಗೆಯ ಧೈರ್ಯ ಬೇಕು. ಗ್ರಂಥದ ಮೊದಲ ಬೆಲೆಯಿರುವುದು ಇಲ್ಲಿ. ಎರಡನೆಯ ಬೆಲೆ ಅದರ ಮಾತಿನ ಸೌಜನ್ಯದಲ್ಲಿದೆ. ಭಕ್ತರನ್ನು ಮೂಢರೆಂದು ಹಳಿಯುವ ಚಪಲ ಅದರಲ್ಲಿಲ್ಲ. ಮನೆಗೆ ಬಂದ ಅತಿಥಿಯೊಡನೆ ಹಿರಿಯರೊಬ್ಬರು ಸಾವಕಾಶವಾಗಿ ಮಾತಾಡುವಂತೆ ಅದರ ಶೈಲಿಯಿದೆ.

ಗ್ರಂಥದ ಮುಖ್ಯ ವಾದವನ್ನು ನಮ್ಮ ಬೆಟ್ಟಗಳ ಭಾಷೆಯಲ್ಲಿಯೇ ಇಟ್ಟು ನೋಡೋಣ. ಕಾಫಿ ಬೆಳೆಗಾರರಾದ ವಾಚಕರಿಗೆ ಹೂಮಳೆಯೆಂದರೇನೆಂದು ವಿವರಿಸಬೇಕಾಗಿಲ್ಲ. ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಒಂದಂಗುಲ ಮಳೆ ಹದವಾಗಿ ಬಿದ್ದರೆ ತೋಟ ಬೆಳ್ಳಗೆ ಹೂವಾಗುತ್ತದೆ. ಬೀಳದಿದ್ದರೆ ವರ್ಷದ ದುಡಿಮೆಯೇ ಬಾಡುತ್ತದೆ. ಈ ದಿಬ್ಬದ ತೋಟಕ್ಕೆ ಬಿದ್ದ ಮಳೆ ಆಚೆಯ ದಿಬ್ಬಕ್ಕೆ ಬೀಳದಿರುವುದುಂಟು. ಮಳೆ ಬಿದ್ದವನು ಹರಕೆ ಸಲ್ಲಿಸುತ್ತಾನೆ. ಬೀಳದವನೂ ಹರಕೆ ಹೊತ್ತಿದ್ದನಲ್ಲ? 2018ರ ಆಗಸ್ಟಿನಲ್ಲಿ ನಮ್ಮ ಘಟ್ಟಗಳಲ್ಲಿ ಗುಡ್ಡಗಳೇ ಜರಿದವು. ಶಿರಾಡಿಯ ರಸ್ತೆ ಕಡಿಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲುದಾರಿ ಮಣ್ಣಿನಡಿ ಹುದುಗಿತು. ಬೆಳಗಿನ ಜಾವ ಕೂಲಿಗೆ ಹೊರಟ ಹೆಂಗಸು ಕಾಡಾನೆಯ ಕಾಲಿಗೆ ಸಿಕ್ಕ ಸುದ್ದಿ ನಮಗೆ ಹೊಸದಲ್ಲ. ದೇವರು ಸರ್ವಜ್ಞನಾಗಿದ್ದರೆ ಇದು ಅವನಿಗೆ ಗೊತ್ತು, ಸರ್ವಶಕ್ತನಾಗಿದ್ದರೆ ತಡೆಯಬಲ್ಲ, ದಯಾಮಯನಾಗಿದ್ದರೆ ತಡೆಯಬೇಕು. ತಡೆಯಲಿಲ್ಲವಾದ ಮೇಲೆ ಈ ಮೂರರಲ್ಲಿ ಒಂದನ್ನಾದರೂ ಬಿಟ್ಟುಕೊಡಬೇಕು. ಇದು ಹಳೆಯ ಪ್ರಶ್ನೆ. ಮೂರ್ತಿರಾಯರು ಅದನ್ನು ಹೊಸದಾಗಿ ಕಂಡುಹಿಡಿಯಲಿಲ್ಲ. ಆದರೆ ನುಣುಚಿಕೊಳ್ಳಲಾಗದಂತೆ ಕೇಳಿದರು. ಪೂರ್ವಜನ್ಮದ ಕರ್ಮವೆಂಬ ಸಮಾಧಾನ ಅವರಿಗೆ ತೃಪ್ತಿ ಕೊಡುವುದಿಲ್ಲ. ನೆನಪಿಲ್ಲದ ತಪ್ಪಿಗೆ ಕೊಟ್ಟ ಶಿಕ್ಷೆಯಿಂದ ಯಾರು ಏನನ್ನು ಕಲಿತಾರು?

ಈ ವಾದಕ್ಕೆ ಆಸ್ತಿಕರಾದ ನಾವು ಸಿಡುಕದೆ ಉತ್ತರ ಹುಡುಕಬೇಕು. ನಮ್ಮಲ್ಲಿ ಸಿದ್ಧವಾಗಿರುವ ಉತ್ತರವೊಂದುಂಟು: ಮೂರ್ತಿರಾಯರು ನಿರಾಕರಿಸಿದ್ದು ಜಗತ್ತಿನ ಹೊರಗೆ ಕುಳಿತು ಆಳುವ ಒಡೆಯನನ್ನು, ಶರಣರು ಕಂಡದ್ದು ಆ ದೇವರನ್ನಲ್ಲ. ಅಂಗೈಯ ಮೇಲಿನ ಇಷ್ಟಲಿಂಗ ವರ ಕೊಡುವ ದೊರೆಯಲ್ಲ, ತನ್ನೊಳಗಿನ ಅರಿವಿನ ಕುರುಹು. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಆರು ಮೆಟ್ಟಿಲುಗಳು ನಡೆಯುವವನ ಬಾಳಿನಲ್ಲಿ ಆಗುವ ಮಾರ್ಪಾಡುಗಳು. ಹೊರಗಿನ ವಸ್ತುವೊಂದು ಇದೆಯೆಂಬುದಕ್ಕೆ ಒಡ್ಡಿದ ಪ್ರಮಾಣಗಳಲ್ಲ. ಅಲ್ಲಮನ ಬಯಲಿಗೆ ‘ಇದೆ’, ‘ಇಲ್ಲ’ ಎಂಬ ಮಾತುಗಳೇ ಅಂಟುವುದಿಲ್ಲ. ಗ್ರಂಥದ ತೂಕವೆಲ್ಲ ಕರ್ತಾರನಾದ ದೇವರ ಮೇಲೆ ಬೀಳುತ್ತದೆ. ಈ ಇನ್ನೊಂದು ದಾರಿಯ ಮೇಲೆ ಅಷ್ಟು ತೂಕ ಬೀಳುವುದಿಲ್ಲ. ಕನ್ನಡದಲ್ಲಿ ಬರೆದ, ಕನ್ನಡದ ಪರಂಪರೆಯನ್ನು ಬಲ್ಲ ಲೇಖಕರಿಂದ ವಚನಕಾರರೊಡನೆ ಇನ್ನೂ ದೀರ್ಘವಾದ ಸಂವಾದವನ್ನು ನಿರೀಕ್ಷಿಸುವುದು ತಪ್ಪಲ್ಲ. ಇದು ಗ್ರಂಥದ ಕೊರತೆಯೆಂದೇ ನನ್ನ ಅಭಿಪ್ರಾಯ.

ಆದರೆ ಇಲ್ಲಿಗೆ ಗೆದ್ದೆವೆಂದು ಏಳುವುದು ಪ್ರಾಮಾಣಿಕತೆಯಾಗದು. ಶರಣರ ದೇವರು ಬೇರೆಯೆಂಬ ಉತ್ತರ ಯಾರ ಬಾಯಲ್ಲಿ ಸತ್ಯವಾದೀತು? ಹಾಗೆ ಬಾಳುವವನ ಬಾಯಲ್ಲಿ ಮಾತ್ರ. ನಾವು ಹೂಮಳೆಗೆ ಹರಕೆ ಹೊರುತ್ತೇವೆ. ಕೋರ್ಟಿನ ವ್ಯಾಜ್ಯ ಗೆದ್ದರೆ ಬೆಳ್ಳಿಯ ಕರಡಿಗೆ ಮಾಡಿಸುತ್ತೇವೆ. ರಾಹುಕಾಲ ನೋಡಿ ಕಾಫಿ ಕುಯ್ಲಿಗೆ ಆಳು ಇಳಿಸುತ್ತೇವೆ. ನಾಸ್ತಿಕನು ಎದುರು ನಿಂತಾಗ ಮಾತ್ರ ಶೂನ್ಯಸಂಪಾದನೆಯ ಮರೆ ಹೊಗುತ್ತೇವೆ. ನಮ್ಮ ನಡೆಯಲ್ಲಿರುವುದು ಮೂರ್ತಿರಾಯರು ಖಂಡಿಸಿದ ದೇವರೇ. ನುಡಿಯಲ್ಲಿ ಮಾತ್ರ ಅಲ್ಲಮನ ಬಯಲು. ಮುಹೂರ್ತ, ಶಕುನ, ಪ್ರಾಣಿಬಲಿ, ಆಸೆಬುರುಕ ಭಕ್ತಿ ಇವುಗಳನ್ನು ಹನ್ನೆರಡನೆಯ ಶತಮಾನದ ಶರಣರು ಖಂಡಿಸಿದ ರೀತಿಯನ್ನು ನೆನೆದರೆ, ಅಂಬಿಗರ ಚೌಡಯ್ಯನ ಮುಂದೆ ಮೂರ್ತಿರಾಯರು ಬಹಳ ಮೃದುವಾಗಿ ಕಾಣುತ್ತಾರೆ. ಈ ದೃಷ್ಟಿಯಿಂದ ‘ದೇವರು’ ನಮ್ಮ ವೈರಿಯ ಗ್ರಂಥವಾಗಿರದೆ ನಮ್ಮ ಲೆಕ್ಕಪತ್ರವನ್ನು ತನಿಖೆ ಮಾಡಲು ಬಂದವರ ಟಿಪ್ಪಣಿಯಂತಿದೆ.

ಪ್ರಶ್ನೆ ಕೇಳುವವನನ್ನು ನಮ್ಮ ಪರಂಪರೆ ಹೇಗೆ ನಡೆಸಿಕೊಂಡಿತು? ಸೊನ್ನಲಿಗೆಯಲ್ಲಿ ಕೆರೆ ಗುಡಿಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮನು ಕೆಣಕಿ ಕೇಳಿದ ಪ್ರಸಂಗವನ್ನು ಶೂನ್ಯಸಂಪಾದನೆ ಬಲ್ಲವರೆಲ್ಲ ಅರಿತಿದ್ದಾರೆ. ಮೊದಲು ಕೋಪ ಬಂದಿತು. ಕೊನೆಗೆ ಅದೇ ಪ್ರಶ್ನೆ ಸಿದ್ಧರಾಮನನ್ನು ಕಲ್ಯಾಣದ ದಾರಿಗೆ ಹಚ್ಚಿತು. ಅನುಭವಮಂಟಪದಲ್ಲಿ ಅಕ್ಕಮಹಾದೇವಿಗೂ ಪರೀಕ್ಷೆ ತಪ್ಪಲಿಲ್ಲ. ಆ ಪರಂಪರೆಯ ವಾರಸುದಾರರಾದ ನಮ್ಮ ನಾಡಿನಲ್ಲಿಯೇ, ವಚನಗಳ ಸಂಪಾದನೆಗೆ ಸಂಶೋಧನೆಗೆ ಬಾಳನ್ನು ತೆತ್ತ ಡಾ. ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿ ಗುಂಡಿಕ್ಕಿ ಕೊಂದರು. ಅವರ ಎಲ್ಲ ನಿರ್ಣಯಗಳನ್ನು ಒಪ್ಪಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಪ್ರಶ್ನೆಗೆ ಗುಂಡು ಉತ್ತರವಾದ ದಿನ, ಯಾರ ಶ್ರದ್ಧೆಯೂ ಉಳಿಯಲಿಲ್ಲ, ಬೆಳೆಯಲಿಲ್ಲ.

ಇನ್ನು ವಿಚಾರವಾದಿಗಳ ಕಡೆಗೂ ಒಂದು ಮಾತು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗಾಗಿ ಸಮಿತಿಯೊಂದನ್ನು ರಚಿಸಿದಾಗ ನಾಡೆಲ್ಲ ಕೋಲಾಹಲವೆದ್ದಿತು. ಭಕ್ತರ ಭಾವನೆಗೆ ಧಕ್ಕೆಯೆಂದು ಕೆಲವರು ನೊಂದರು. ನರಸಿಂಹಯ್ಯನವರು ಹಿಡಿದ ಗೆರೆ ಮಾತ್ರ ಸ್ಪಷ್ಟವಾಗಿತ್ತು: ಶೂನ್ಯದಿಂದ ವಸ್ತು ಸೃಷ್ಟಿಸುತ್ತೇನೆಂದು ಸಾರ್ವಜನಿಕರ ಮುಂದೆ ಹೇಳಿದವನ ಮಾತನ್ನು ಸಾರ್ವಜನಿಕರ ಮುಂದೆ ಪರೀಕ್ಷಿಸಬಹುದು. ಅದೇ ವರ್ಷ ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ಪ್ರಜೆಯ ಕರ್ತವ್ಯವೆಂದು ಸಂವಿಧಾನದ 51ಎ ವಿಧಿಯಲ್ಲಿ ಸೇರಿತು. 25ನೆಯ ವಿಧಿ ಮೊದಲಿನಿಂದಲೂ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಕೊಟ್ಟಿದೆ. ಅದು ನಂಬುವವನಿಗೂ ನಂಬದವನಿಗೂ ಒಂದೇ. ಪವಾಡದ ಪರೀಕ್ಷೆ ಧರ್ಮಕ್ಕೆ ಹಾನಿಯಲ್ಲ. ಆದರೆ ಮುಂಜಾನೆ ಮೀಯಿಸಿದ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ ಮುದುಕಿ ಯಾವ ಪವಾಡವನ್ನೂ ಸಾರುತ್ತಿಲ್ಲ. ಅವಳನ್ನು ಕಟಕಟೆಗೆ ಎಳೆಯುವುದು ವಿಚಾರವಲ್ಲ, ಒರಟುತನ. ಈ ಗೆರೆಯನ್ನು ಅಳಿಸುವ ವಿಚಾರವಾದಿಗೂ ಮಗನ ನಂಬಿಕೆಯನ್ನು ಊರಮುಂದೆ ಪಂಚಾಯಿತಿಗಿಡುವ ಭಕ್ತನಿಗೂ ವ್ಯತ್ಯಾಸ ಬಹಳವಿಲ್ಲ.

ಇದಕ್ಕೆ ಬದಲಾಗಿ ನಡೆದುಕೊಂಡವರೂ ಉಂಟು. ಆಂಧ್ರದ ನಾಸ್ತಿಕರಾದ ಗೋರಾ ಅವರು ಗಾಂಧೀಜಿಯವರೊಡನೆ ದೇವರ ವಿಚಾರವಾಗಿ ವಾದಿಸಿದರು. ಗಾಂಧೀಜಿ ಅವರನ್ನು ದೂರ ಮಾಡಲಿಲ್ಲ. ಗೋರಾ ಅವರ ಮಗಳ ಅಂತರ್ಜಾತಿ ವಿವಾಹ ಸೇವಾಗ್ರಾಮದಲ್ಲಿ ನಡೆಯಬೇಕೆಂದಾದಾಗ, ಪ್ರತಿಜ್ಞೆಯಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರು ಬರಲೆಂದು ಗಾಂಧೀಜಿ ಒಪ್ಪಿದರು. ಪರಮ ಆಸ್ತಿಕರಾದ ಅವರ ನಂಬಿಕೆಗೆ ಅದರಿಂದ ಕುಂದು ಬರಲಿಲ್ಲ. 1948ರಲ್ಲಿ ವಿವಾಹ ನಡೆಯುವ ಹೊತ್ತಿಗೆ ಗಾಂಧೀಜಿ ಇರಲಿಲ್ಲ. ಒಪ್ಪಿದ ಮಾತು ನಡೆಯಿತು.

ಈಗ ಆಲೂರಿನ ಆ ಮನೆಗೆ ಮರಳೋಣ. ಆತನ ತಂದೆ ಲಿಂಗೈಕ್ಯರಾಗುವುದಕ್ಕೆ ಎರಡು ವರ್ಷ ಮುಂಚೆ ನಾನು ಅವರನ್ನು ಕಾಣಲು ಹೋಗಿದ್ದೆನು. ಮಗ ಬಿಟ್ಟುಹೋಗಿದ್ದ ಈ ಗ್ರಂಥ ಜಗಲಿಯ ಮೇಲಿತ್ತು. ಓದಿದಿರಾ ಎಂದು ಕೇಳಿದೆನು. “ಪೂರ್ತಿ ಓದಿದೆನಪ್ಪಾ. ಆ ಮನುಷ್ಯ ಬೈಯುವುದಿಲ್ಲ, ಕೇಳುತ್ತಾನೆ. ನನಗೆ ಉತ್ತರ ಹೇಳಲು ಬರಲಿಲ್ಲ. ಪೂಜೆ ಬಿಡಲೂ ಮನಸ್ಸು ಬರಲಿಲ್ಲ” ಎಂದರು. ಇದನ್ನು ಮಗನಿಗೆ ಹೇಳಬಹುದಲ್ಲವೇ ಎಂದೆನು. ಅವರು ಮಳೆಯನ್ನು ನೋಡುತ್ತ ಕುಳಿತರು. ಈ ಮಾತನ್ನು ನಾನು ಮಗನಿಗೆ ತಿಳಿಸಿದ್ದು ಸಮಾಧಿಯಾದ ಮೇಲೆ. ಮೊದಲೇ ತಿಳಿಸಬೇಕಾಗಿತ್ತು. ತಂದೆಯ ಮಾತು, ಅವರೇ ಹೇಳಲಿ ಎಂದು ನಾನು ಸುಮ್ಮನಿದ್ದುದು ತಪ್ಪೆಂದು ಈಗ ಅರಿವಾಗುತ್ತಿದೆ.

ಆತ ಲಿಂಗವನ್ನಿಟ್ಟದ್ದು ಕಪಟವೇ? ಆ ಲಿಂಗದಲ್ಲಿ ಅವನಿಗೆ ನಂಬಿಕೆಯಿರಲಿಲ್ಲ. ಅದನ್ನು ನಂಬಿದ ತಂದೆಯಲ್ಲಿ ಇತ್ತು. ತಾನು ನಂಬಿದಂತೆ ಅವನು ಯಾರ ಮುಂದೆಯೂ ನಟಿಸಲಿಲ್ಲ. ಇನ್ನೊಬ್ಬರ ಶ್ರದ್ಧೆಯನ್ನು ಅವರ ಕೈಗೇ ಭದ್ರವಾಗಿ ತಲುಪಿಸಿದ, ಅಷ್ಟೆ. ‘ದೇವರು’ ಗ್ರಂಥ ನಂಬಿಕೆಯನ್ನು ಮುಖ್ಯವಾಗಿ ನಿಜವೋ ಸುಳ್ಳೋ ಎಂದು ತೂಗುವ ವಾಕ್ಯವೆಂಬಂತೆ ನೋಡುತ್ತದೆ. ನಂಬಿಕೆ ಮನೆಯೊಳಗಿನ ಸಂಬಂಧವೂ ಆಗಿದೆ. ಅದನ್ನು ತೂಗುವ ತಕ್ಕಡಿ ತರ್ಕದ ಅಂಗಡಿಯಲ್ಲಿಲ್ಲ. ಗ್ರಂಥದ ಬಗ್ಗೆ ನನ್ನ ಕೊನೆಯ ಆಕ್ಷೇಪವೂ ಇದೇ. ಆದರೂ, ಉತ್ತರ ಬಾರದ ಪ್ರಶ್ನೆಯನ್ನೂ ಬಿಡಲಾಗದ ಪೂಜೆಯನ್ನೂ ಒಟ್ಟಿಗೆ ಇಟ್ಟುಕೊಳ್ಳುವಂತೆ ಆ ಹಿರಿಯರನ್ನು ಪ್ರಾಮಾಣಿಕರಾಗಿಸಿದ್ದು ಇದೇ ಗ್ರಂಥವೆಂಬುದನ್ನು ಮರೆಯಲಾರೆ.

ಆದುದರಿಂದ ವಾಚಕರಲ್ಲಿ ವಿನಂತಿ: ಈ ಗ್ರಂಥವನ್ನು ಓದಿರಿ. ಮಕ್ಕಳು ತಂದಿಟ್ಟಿದ್ದರೆ ಅಟ್ಟಕ್ಕೆ ಎಸೆಯಬೇಡಿರಿ. ಓದಿದ ಮೇಲೆ ತಮ್ಮ ಮನಸ್ಸಿಗೆ ಬಂದುದನ್ನು, ಉತ್ತರ ಬಾರದಿದ್ದರೆ ಬಾರಲಿಲ್ಲವೆಂಬುದನ್ನು, ಅವರು ಊರಿಗೆ ಬಂದಾಗ ಎದುರು ಕುಳಿತು ಹೇಳಿರಿ. ಮಠದಲ್ಲಿ ಓದಿ ನಂಬಿಕೆ ಬಿಟ್ಟ ತಮ್ಮಂದಿರಿಗೂ ಇದೇ ಮಾತು: ಪ್ರಸಾದನಿಲಯದಲ್ಲಿ ಅನ್ನ ಬಡಿಸಿದವರು ತಮ್ಮ ನಂಬಿಕೆಯನ್ನು ಕೇಳಿ ಬಡಿಸಲಿಲ್ಲ, ಊರಿಗೆ ಬಂದಾಗ ಹಿರಿಯರೊಡನೆ ವಾದಕ್ಕಾದರೂ ಕುಳಿತುಕೊಳ್ಳಿರಿ. ವಾದ ಮುಗಿಯದೆ ಉಳಿದರೆ ಚಿಂತೆಯಿಲ್ಲ. ಮಾತು ನಿಲ್ಲದಿದ್ದರೆ ಸಾಕು.