ಪ್ರೇಕ್ಷಕನ ಪ್ರೇಕ್ಷಕರು

ನಾಟ್ಯಪ್ರಯೋಗವು ಫಲಿಸಿತೆಂಬುದನ್ನು ಅರಿಯುವ ಬಗೆಯೆಂತು ಎಂಬ ಪ್ರಶ್ನೆಗೆ ಭರತಮುನಿಯು ನಾಟ್ಯಶಾಸ್ತ್ರದ ಸಿದ್ಧಿಪ್ರಕರಣದಲ್ಲಿ ಪ್ರೇಕ್ಷಕನ ಮುಖವನ್ನೇ ಪ್ರಮಾಣವಾಗಿ ತೋರಿಸಿರುವನು. ಮುಗುಳ್ನಗೆ, ಗಹಗಹಿಸುವ ನಗೆ, ‘ಸಾಧು’ ‘ಅಹೋ’ ‘ಕಷ್ಟಂ’ ಎಂಬ ಉದ್ಗಾರ, ರೋಮಾಂಚ, ಆಸನದಿಂದ ಮೇಲೇಳುವುದು, ಉಟ್ಟ ವಸ್ತ್ರವನ್ನೇ ನಟನತ್ತ ಎಸೆಯುವುದು, ಇವೆಲ್ಲ ಮಾನುಷಸಿದ್ಧಿಯ ಚಿಹ್ನೆಗಳು. ರಂಗವು ಕಿಕ್ಕಿರಿದು ತುಂಬಿದ್ದೂ ಶಬ್ದವಾಗಲಿ ಕ್ಷೋಭೆಯಾಗಲಿ ಇಲ್ಲದಿದ್ದರೆ ಅದು ದೈವೀಸಿದ್ಧಿ.

ಇವುಗಳಲ್ಲಿ ಮೊದಲನೆಯದು ಈಚಿನ ವರ್ಷಗಳಲ್ಲಿ ಒಂದು ಸ್ವತಂತ್ರ ವಿನೋದವಾಗಿ ಬೆಳೆದಿದೆ. ಹಳೆಯ ಚಲಚ್ಚಿತ್ರವೊಂದನ್ನು ಮೊದಲ ಬಾರಿಗೆ ನೋಡುವವನು ತನ್ನ ಮುಖವನ್ನೂ ಮಾತನ್ನೂ ಮುದ್ರಿಸಿಕೊಂಡು, ಚಿತ್ರದ ತುಣುಕುಗಳೊಡನೆ ಯೂಟ್ಯೂಬಿನಲ್ಲಿ ಪ್ರಕಟಿಸುವನು. ಇದಕ್ಕೆ ‘ರಿಯಾಕ್ಷನ್ ವೀಡಿಯೊ’ ಎಂದು ಹೆಸರು. ಆ ಚಿತ್ರವನ್ನು ಹತ್ತಾರು ಸಲ ಕಂಡ ಅಭಿಮಾನಿಗಳು ಅದನ್ನು ನೋಡಿ, ಇಲ್ಲಿ ಬೆಚ್ಚಿದನೆ, ಅಲ್ಲಿ ನಕ್ಕನೆ ಎಂದು ಚರ್ಚೆಗೆ ತೊಡಗುವರು. ಕೆಲಸವಿಲ್ಲದವರ ಕಾಲಹರಣವೆಂದು ಇದನ್ನು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಎಷ್ಟು ಬಾರಿ ನೋಡಿದರೂ ಮರಳಿ ದೊರೆಯದಿರುವುದು ಮೊದಲ ನೋಟವೊಂದೇ. ಅದನ್ನು ಪರರ ಕಣ್ಣಿನಿಂದ ಸಾಲ ಪಡೆಯಲು ಈ ಜನ ಹೊರಟಿರುವರು. ಸಾಲ ಸಿಕ್ಕುವುದೇ ಎಂಬುದು ವಿಚಾರಾರ್ಹ.

ಹೀಗೆ ಚರ್ಚಿತವಾಗುವ ಗೂಢಚಾರಚಿತ್ರಗಳಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿದ, 1959ರ ‘ನಾರ್ತ್ ಬೈ ನಾರ್ತ್‌ವೆಸ್ಟ್’ ಒಂದು. ಜಾಹೀರಾತಿನ ಉದ್ಯೋಗದ ಥಾರ್ನ್‌ಹಿಲ್ ಎಂಬವನನ್ನು ಶತ್ರುಪಕ್ಷದವರು ಕ್ಯಾಪ್ಲನ್ ಎಂಬ ಗೂಢಚಾರನೆಂದು ಭ್ರಮಿಸಿ ಬೆನ್ನಟ್ಟುತ್ತಾರೆ. ಕ್ಯಾಪ್ಲನ್ ಎಂಬ ಮನುಷ್ಯನೇ ಇಲ್ಲ, ಅದು ಬರಿಯ ಹೆಸರು, ಎಂಬ ರಹಸ್ಯವನ್ನು ಚಿತ್ರದ ಮೂರನೆಯ ಒಂದು ಭಾಗ ಮುಗಿಯುವ ಮುನ್ನವೇ ನಿರ್ದೇಶಕನು ಪ್ರೇಕ್ಷಕನಿಗೆ ತಿಳಿಸಿಬಿಡುತ್ತಾನೆ, ನಾಯಕನಿಗೆ ತಿಳಿಸುವುದಿಲ್ಲ. ಮೇಜಿನ ಕೆಳಗೆ ಬಾಂಬು ಇರುವುದು ನೋಡುವವನಿಗೆ ಮೊದಲೇ ಗೊತ್ತಿದ್ದರೆ ಮಾತ್ರ ಉತ್ಕಂಠೆಯುಂಟು, ಇಲ್ಲವಾದರೆ ಅರೆಕ್ಷಣದ ಬೆಚ್ಚುವಿಕೆಯಷ್ಟೆ ಎಂಬ ತತ್ತ್ವವನ್ನು ಅವನೇ ಮುಂದೆ ಫ್ರಾನ್ಸಿನ ನಿರ್ದೇಶಕ ತ್ರುಫೊನೊಡನೆ ನಡೆಸಿದ ಸಂಭಾಷಣೆಯಲ್ಲಿ ವಿವರಿಸಿರುವನು.

ವಾಷಿಂಗ್ಟನ್ನಿನ ಆ ಸಮಾಲೋಚನೆಯ ದೃಶ್ಯದಲ್ಲಿಯೇ ಇನ್ನೊಂದು ಮಾತೂ ಬಂದುಹೋಗುತ್ತದೆ: ತಮ್ಮ ನಿಜವಾದ ಗೂಢಚಾರರೊಬ್ಬರು ಶತ್ರುವಿನ ಮಗ್ಗುಲಲ್ಲೇ ಇರುವರು, ಅವರನ್ನು ಕಾಪಾಡಲೆಂದೇ ಕ್ಯಾಪ್ಲನ್‌ನ ಸೃಷ್ಟಿ ಎಂದು. ಈ ಮಾತನ್ನು ಕಿವಿಗೊಟ್ಟು ಕೇಳಿದವನು, ಮುಂದೆ ರೈಲಿನಲ್ಲಿ ಥಾರ್ನ್‌ಹಿಲ್ಲನಿಗೆ ಆಶ್ರಯ ಕೊಟ್ಟು ಗುಟ್ಟಾಗಿ ಶತ್ರುವಿಗೆ ಚೀಟಿ ಕಳುಹಿಸುವ ಈವ್‌ಳನ್ನು ವಂಚಕಿಯೆಂದು ಒಮ್ಮೆಗೇ ತೀರ್ಮಾನಿಸಲಾರನು. ಆದರೆ ನೋಡುತ್ತ ನೋಡುತ್ತ ಮಾತನಾಡಲೇಬೇಕಾದವನಿಗೆ, ಕ್ಯಾಪ್ಲನ್ ಇಲ್ಲವೆಂಬ ವಿಸ್ಮಯವನ್ನು ಬಾಯ್ತುಂಬ ಹೇಳುವ ಸಂಭ್ರಮದಲ್ಲಿ, ಮರುಗಳಿಗೆಯ ಈ ಸುಳಿವು ಕೈತಪ್ಪಿಹೋಗುವುದು ಸಹಜ. ಆಮೇಲೆ ಅವನು ಈವ್‌ಳನ್ನು ಬಯ್ಯುವನು. ಬಲ್ಲ ಅಭಿಮಾನಿಗಳು ಮೀಸೆಯೊಳಗೆ ನಗುವರು. ಅವರು ಆಗ ಅನುಭವಿಸುವುದು ತಮ್ಮ ಹಳೆಯ ಉತ್ಕಂಠೆಯನ್ನಲ್ಲ. ತಾವು ಬಲ್ಲೆವು, ಇವನು ಅರಿಯನು ಎಂಬ ಹಿರಿಮೆಯನ್ನು. ಪ್ರೇಕ್ಷಕನ ಮುಂದೆ ಥಾರ್ನ್‌ಹಿಲ್ ಎಂತೋ ಅಭಿಮಾನಿಗಳ ಮುಂದೆ ಈ ಹೊಸ ಪ್ರೇಕ್ಷಕನೂ ಅಂತೆಯೇ. ನಿರ್ದೇಶಕನ ಉಪಾಯವು ಅವನು ಎಣಿಸದ ಮತ್ತೊಂದು ರಂಗದಲ್ಲಿ ಸಾಗಿರುವುದು ಸೋಜಿಗವೇ ಸರಿ.

ಇನ್ನು ಬಯಲಿನ ದೃಶ್ಯ. ಇಂಡಿಯಾನಾ ಪ್ರಾಂತದ ನಿರ್ಜನವಾದ ಹೆದ್ದಾರಿ. ಕಥೆಯಲ್ಲಿ ಇಂಡಿಯಾನಾ, ಚಿತ್ರೀಕರಿಸಿದ್ದು ಕ್ಯಾಲಿಫೋರ್ನಿಯಾದಲ್ಲಿ. ಬಸ್ಸಿನಿಂದ ಇಳಿದ ನಾಯಕ ಕಾಯುತ್ತಾನೆ. ಒಂದು ಕಾರು ಹೋಗುತ್ತದೆ, ಮತ್ತೊಂದು ಹೋಗುತ್ತದೆ. ದೂರದಲ್ಲಿ, ಪೈರೇ ಇಲ್ಲದ ನೆಲಕ್ಕೆ ಔಷಧಿ ಸಿಂಪಡಿಸುತ್ತಿರುವ ಸಣ್ಣ ವಿಮಾನ. ಅದು ಅವನ ಮೇಲೆರಗಿ, ಅವನು ಮುಸುಕಿನ ಜೋಳದ ಒಣಗಿದ ದಂಟುಗಳ ನಡುವೆ ಅವಿತು, ಕಡೆಗೆ ವಿಮಾನವು ಎಣ್ಣೆಯ ಲಾರಿಗೆ ಬಡಿದು ಉರಿಯುವವರೆಗೆ ಬರ್ನಾರ್ಡ್ ಹರ್ಮನ್ನನ ಸಂಗೀತದ ಒಂದು ಸ್ವರವೂ ಇಲ್ಲ. ಇಲ್ಲಿ ಕೋರಿರುವುದು ದೈವೀಸಿದ್ಧಿಯನ್ನೇ. ಇಂಥಲ್ಲಿ ಯಾವನಾದರೂ ಮೌನವಾಗಿ ಕುಳಿತರೆ ‘ಏನೂ ಹೇಳಲಿಲ್ಲವಲ್ಲ’ ಎಂದು ಆಕ್ಷೇಪಿಸುವವರಿರುವರು. ಮಾತನಾಡಿದರೆ ‘ದೃಶ್ಯವನ್ನು ಕೆಡಿಸಿದ’ ಎನ್ನುವವರೂ ಅವರ ಪಕ್ಕದಲ್ಲೇ ಇರುವರು. ಎರಡನೆಯವರ ಪಕ್ಷವೇ ಗ್ರಾಹ್ಯವಾದರೂ ಒಂದು ಅಂಶವನ್ನು ಅವರು ಮರೆಯುತ್ತಾರೆ. ಹಕ್ಕುಸ್ವಾಮ್ಯದ ಭಯದಿಂದ ಚಿತ್ರವನ್ನು ಕತ್ತರಿಸಿ ತೋರಿಸಬೇಕಾದ ಈ ಪದ್ಧತಿಯಲ್ಲಿ ಮೊದಲು ಕತ್ತರಿಗೆ ಸಿಕ್ಕುವುದು ಬರಿದಾದ ರಸ್ತೆಯೇ. ಅವನು ಎಷ್ಟು ಹೊತ್ತು ಸುಮ್ಮನಿದ್ದನೆಂಬುದು ನೋಡುವವರಿಗೆ ತಿಳಿಯುವುದೇ ಇಲ್ಲ.

ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಹೇಳಿದ ಅರೋಚಕಿಗಳಿಗೂ ಇಲ್ಲಿ ಕೊರತೆಯಿಲ್ಲ. ರಶ್‌ಮೋರ್ ಬೆಟ್ಟದ ಉಪಾಹಾರಗೃಹದಲ್ಲಿ ಈವ್ ಗುಂಡು ಹಾರಿಸುವ ಮೊದಲೇ ಹಿಂದೆ ಕುಳಿತ ಹುಡುಗನೊಬ್ಬ ಕಿವಿ ಮುಚ್ಚಿಕೊಳ್ಳುವನು. ಇದು ಪ್ರಸಿದ್ಧವಾದ ದೋಷ. ಕಣ್ಣಿಗೆ ಬಿದ್ದರೆ ನಕ್ಕು ಬಿಡತಕ್ಕದ್ದು. ಆದರೆ ಹೊಸಬನು ಆ ಹುಡುಗನನ್ನು ಗಮನಿಸಲಿಲ್ಲವೆಂದು ದೂರುವವರುಂಟು. ಈವ್‌ಳ ಕೈಯ ಪಿಸ್ತೂಲನ್ನು ನೋಡುತ್ತಿದ್ದವನು ಹುಡುಗನನ್ನು ಏಕೆ ನೋಡಬೇಕು? ಅವನೊಬ್ಬನಾದರೂ ಆ ಗಳಿಗೆಯಲ್ಲಿ ಚಿತ್ರವನ್ನು ನೋಡುತ್ತಿದ್ದನು.